ಮ್ಯಾಕ್ 2, ಮ್ಯಾಕ್ 3 ವಿಮಾನ: ಆಟಿಕೆ ಅಲ್ಲದ ಆಡ್-ಆನ್ ಯಾವುದು?

ಬೆಟಗೇರಿ ಪೈಲಟ್ (ಗದಗ)

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನನ್ನದೊಂದು ಚಿಕ್ಕ ಆಫ್‌ಸೆಟ್ ಪ್ರೆಸ್ ಇದೆ. ಹಗಲೆಲ್ಲ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಪೋಸ್ಟರ್. ರಾತ್ರಿ ಶಟರ್ ಅರ್ಧ ಇಳಿಸಿ, ಡಿಸೈನ್ ಮಾಡುವ ಅದೇ ಕಂಪ್ಯೂಟರಲ್ಲಿ ಫ್ಲೈಟ್ ಸಿಮ್ಯುಲೇಟರ್ (ಸಿಮ್) ಹಾಕಿ ವಿಮಾನ ಹಾರಿಸುತ್ತೇನೆ. ಆರು ವರ್ಷದ ಚಟ ಇದು. ಸೆಸ್ನಾ ಆಯ್ತು, ಏರ್‌ಬಸ್ ಆಯ್ತು. ಈಗ ಎತ್ತರಕ್ಕೆ, ಜೋರಾಗಿ ಹೋಗುವ ವಿಮಾನದ ಹುಚ್ಚು ಹಿಡಿದಿದೆ.

ಹೋದ ತಿಂಗಳು ಸಿಮ್‌ಗೆ ಬೇರೆಯಾಗಿ ಸೇರಿಸುವ ಒಂದು ವಿಮಾನ, ಅಂದರೆ ಆಡ್-ಆನ್, ದುಡ್ಡು ಕೊಟ್ಟು ತಗೊಂಡೆ: ಅಮೆರಿಕದ ಬೇಹುಗಾರಿಕೆ ವಿಮಾನ ಎಸ್‌ಆರ್-71. ಯಾರದು ಅಂತ ಹೇಳುವುದಿಲ್ಲ, ಬಿಡಿ. ಫೋಟೋ ನೋಡಿ ಮರುಳಾದೆ. ಕಪ್ಪು ಬಣ್ಣ, ರಿವೆಟ್ಟು, ಸೀಟಿನ ಹೊಲಿಗೆ, ಎಲ್ಲ ಪಸಂದ್ ಆಗಿದ್ದವು. ಗದಗಿನ ಮೇಲೆ 80,000 ಅಡಿ, ಮ್ಯಾಕ್ 3.2 (ಶಬ್ದದ ವೇಗದ 3.2 ಪಟ್ಟು), ದಕ್ಷಿಣಕ್ಕೆ ಹೊರಟಿದ್ದೆ. ಸ್ಟಿಕ್ ಪಕ್ಕಕ್ಕೆ ಎಳೆದೆ. ಲಕ್ಷ್ಮೇಶ್ವರ ಬರುವುದರೊಳಗೆ ವಿಮಾನ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು! ನಮ್ಮ ಪ್ರೆಸ್ಸಿನ ಹುಡುಗ ಟಿವಿಎಸ್ ಎಕ್ಸೆಲ್ ತಿರುಗಿಸುವುದು ಕೂಡ ಇದಕ್ಕಿಂತ ನಿಧಾನ. ಥ್ರಾಟಲ್ ಪೂರ್ತಿ ಹಿಂದೆ ಎಳೆದೆ, ಏನೂ ಆಗಲಿಲ್ಲ. ಮತ್ತೆ ಮುಂದೆ ತಳ್ಳಿದೆ, ಆಗಲೂ ಏನೂ ಆಗಲಿಲ್ಲ.

ನಾಲ್ಕು ಬಣ್ಣದ ಕೆಲಸದಲ್ಲಿ ರಿಜಿಸ್ಟ್ರೇಷನ್ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು) ಕೂಡದಿದ್ದರೂ ದೂರದಿಂದ ಪೋಸ್ಟರ್ ಚೆಂದವೇ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ದೇವಿಯ ಮೂಗು ಒಂದು ಕಡೆ, ಮೂಗುತಿ ಇನ್ನೊಂದು ಕಡೆ. ಇದೂ ಅಂಥದ್ದೇ ಮಾಲು.

ನನ್ನ ಹತ್ತಿರ ಎಕ್ಸ್-ಪ್ಲೇನ್ 12 ಮತ್ತು ಮೈಕ್ರೋಸಾಫ್ಟಿನ 2020ರ ಸಿಮ್ ಎರಡೂ ಇವೆ. ರೈಜೆನ್ 5, 16 ಜಿಬಿ ರ‍್ಯಾಮ್, 6 ಜಿಬಿ ಗ್ರಾಫಿಕ್ಸ್ ಕಾರ್ಡ್. ಒಂದೇ ಒಂದು ಆಡ್-ಆನ್ ತಗೊಳ್ಳಲು ಮನೆಯಲ್ಲಿ ಮಂಜೂರಾತಿ ಸಿಕ್ಕಿದೆ. ಶಬ್ದಕ್ಕಿಂತ ಜೋರಾಗಿ ಹೋಗುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್ ತಗೊಳ್ಳಲಾ, ಇನ್ನೊಂದು ಎಸ್‌ಆರ್-71 ನೋಡಲಾ? ಅದಕ್ಕಿಂತ ಮುಖ್ಯವಾಗಿ, ಕೊಳ್ಳುವ ಮೊದಲೇ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಗೆ ಗುರುತಿಸುವುದು?

ಡಿಪ್ಲೊಮಾ ಮೇಷ್ಟ್ರು (ಧಾರವಾಡ)

ಪ್ರೆಸ್ಸಿನವರೇ, ನಿಮ್ಮ ಟಿವಿಎಸ್ ಎಕ್ಸೆಲ್ ಓದಿ ಒಬ್ಬನೇ ಕೂತು ನಕ್ಕೆ. ಮೂವತ್ತು ವರ್ಷ ಡಿಪ್ಲೊಮಾ ಹುಡುಗರಿಗೆ ಥರ್ಮೋಡೈನಮಿಕ್ಸ್ ಕಲಿಸಿ ನಿವೃತ್ತನಾದವನು ನಾನು. ಹಾಗಾಗಿ ಸ್ವಲ್ಪ ಲೆಕ್ಕ ಹಾಕುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ನಿಮ್ಮ ತಿರುವನ್ನೇ ತಗೊಳ್ಳೋಣ. 80,000 ಅಡಿಯಲ್ಲಿ ಮ್ಯಾಕ್ 3.2 ಅಂದರೆ ಸೆಕೆಂಡಿಗೆ ಸುಮಾರು 950 ಮೀಟರ್. 30 ಡಿಗ್ರಿ ವಾಲಿಸಿ ತಿರುಗಿದರೆ ತಿರುವಿನ ತ್ರಿಜ್ಯವೇ ಸುಮಾರು 160 ಕಿಲೋಮೀಟರ್ ಬರುತ್ತದೆ. ಇದು ಶುದ್ಧ ಲೆಕ್ಕ. ವೇಗದ ವರ್ಗವನ್ನು ಗುರುತ್ವದಿಂದಲೂ ವಾಲಿದ ಕೋನದ ಟ್ಯಾಂಜೆಂಟಿನಿಂದಲೂ ಭಾಗಿಸಿದರೆ ಮುಗಿಯಿತು, ಯಾವ ಕಂಪನಿಯ ಗುಟ್ಟೂ ಅದರಲ್ಲಿಲ್ಲ. ಈಗ ಮ್ಯಾಪ್ ತೆಗೆಯಿರಿ. ಗದಗಿನ ಮೇಲೆ ಉತ್ತರಕ್ಕೆ ಮುಖ ಮಾಡಿ ಬಲಕ್ಕೆ ತಿರುಗಲು ಶುರು ಮಾಡಿ. ತಿರುವಿನ ನೆತ್ತಿಗೆ ಬಂದಾಗ ನೀವು ಯಾದಗಿರಿಯ ಹತ್ತಿರ ಇರಬೇಕು. ಪೂರ್ತಿ ದಕ್ಷಿಣಕ್ಕೆ ಮುಖವಾದಾಗ ಕೆಳಗೆ ಆಂಧ್ರದ ನಂದ್ಯಾಲ ಇರಬೇಕು. ಒಟ್ಟು ಸುಮಾರು 9 ನಿಮಿಷ. ಎಡಕ್ಕೆ ತಿರುಗಿದರೆ ಗೋವಾ ದಾಟಿ ಅರಬ್ಬೀ ಸಮುದ್ರದ ಮೇಲೆ ತೇಲುತ್ತೀರಿ. ಆ ವೇಗ, ಆ ಎತ್ತರದಲ್ಲಿ ನಿಜವಾದ ಎಸ್‌ಆರ್-71 ಲಕ್ಷ್ಮೇಶ್ವರದೊಳಗೆ ತಿರುಗುವ ಮಾತೇ ಇಲ್ಲ.

ಯಾರಾದರೂ ಯೂಟ್ಯೂಬಲ್ಲಿ ಆಡ್-ಆನ್ ಹಾರಿಸಿ ತೋರಿಸಿದ್ದರೆ ಕಾಕ್‌ಪಿಟ್ಟಿನ ಅಂದ ನೋಡಬೇಡಿ, ಮ್ಯಾಪಿನ ಮೇಲೆ ತಿರುವು ನೋಡಿ. ದುಡ್ಡು ಕೊಡದೆ ಮಾಡುವ ಪರೀಕ್ಷೆ ಅದು.

ಎರಡನೆಯದು ಗಾಳಿ ಒಳಗೆ ಬರುವ ಬಾಯಿ. ಜೆಟ್ ಎಂಜಿನ್ ಎಷ್ಟೇ ಗಟ್ಟಿ ಇದ್ದರೂ ಅದರ ಕಂಪ್ರೆಸರಿಗೆ ಶಬ್ದಕ್ಕಿಂತ ನಿಧಾನವಾದ ಗಾಳಿಯೇ ಬೇಕು. ಮ್ಯಾಕ್ 3ರಲ್ಲಿ ನುಗ್ಗಿ ಬರುವ ಗಾಳಿಯನ್ನು ಬಾಯಲ್ಲೇ ನಿಧಾನ ಮಾಡಬೇಕು. ಎಸ್‌ಆರ್-71ರಲ್ಲಿ ಆ ಕೆಲಸ ಎಂಜಿನ್ನಿನ ಮುಂದೆ ಬುಗುರಿಯಂತೆ ಕಾಣುವ ಸ್ಪೈಕಿನದು. ಮ್ಯಾಕ್ 1.6 ದಾಟಿದ ಮೇಲೆ ಅದು ಹಿಂದಕ್ಕೆ ಸರಿಯಲು ಶುರು ಮಾಡುತ್ತದೆ. ಮ್ಯಾಕ್ 3.2ಕ್ಕೆ ಬರುವ ಹೊತ್ತಿಗೆ ಸುಮಾರು 66 ಸೆಂಟಿಮೀಟರ್ ಹಿಂದೆ ಹೋಗಿರುತ್ತದೆ. ಒಳಗಿನ ಆಘಾತ ತರಂಗ ಜಾಗ ತಪ್ಪಿ ಬಾಯಿಂದ ಹೊರಗೆ ಹಾರಿತೆಂದರೆ ಅದಕ್ಕೆ ‘ಅನ್‌ಸ್ಟಾರ್ಟ್’ ಅನ್ನುತ್ತಾರೆ. ಆ ಕಡೆಯ ಎಂಜಿನ್ ಒಮ್ಮೆಗೇ ಬಲ ಕಳೆದುಕೊಳ್ಳುತ್ತದೆ, ವಿಮಾನದ ಮೂಗು ಅದೇ ಕಡೆಗೆ ಜಗ್ಗುತ್ತದೆ. ಪೈಲಟ್ಟಿನ ಹೆಲ್ಮೆಟ್ ಗಾಜಿಗೆ ಬಡಿಯುವಷ್ಟು ಜೋರಾಗಿ. ನಿಮ್ಮ ಆಡ್-ಆನಲ್ಲಿ ಸ್ಪೈಕ್ ಸರಿಯುವ ಚಿತ್ರ ಇದ್ದಿರಬಹುದು. ಆದರೆ ಅದನ್ನು ಕೈಯಿಂದ ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಎಂಜಿನ್ನಿಗೆ ಏನಾದರೂ ಆಗುತ್ತದಾ? ಆಗದಿದ್ದರೆ ಅದು ಗೋಡೆ ಗಡಿಯಾರದ ಲೋಲಕ ಇದ್ದಂತೆ. ಸುಮ್ನೆ ಅಲ್ಲಾಡುತ್ತದೆ ಅಷ್ಟೇ.

ಮೂರನೆಯದು ಶಾಖ. ಅದೇ ಎತ್ತರ, ಅದೇ ವೇಗದಲ್ಲಿ ಎಂಜಿನ್ ಬಾಯಿಗೆ ಬರುವ ಗಾಳಿ ಒತ್ತಿಕೊಂಡು ಸುಮಾರು 400 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಎಸ್‌ಆರ್-71ರ ಮಿತಿ 427. ಅಂದರೆ ಅದರ ವೇಗವನ್ನು ನಿಜವಾಗಿ ತಡೆಯುತ್ತಿದ್ದುದು ಈ ಬಿಸಿ, ಎಂಜಿನ್ನಿನ ತಾಕತ್ತಲ್ಲ. ಆ ಗೇಜು ಸತ್ತಂತೆ ಕೂತಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ವೇಗದ ಮುಳ್ಳನ್ನೂ ನೋಡಿ. ಅಲ್ಲಿ ಗಾಳಿ ಎಷ್ಟು ತೆಳು ಅಂದರೆ ನಿಜವಾದ ವೇಗ 1,850 ನಾಟ್ ಇದ್ದರೂ ರೆಕ್ಕೆಗೆ ತಾಗುವ ಗಾಳಿಯ ಲೆಕ್ಕದಲ್ಲಿ 350ರ ಆಸುಪಾಸು ತೋರಿಸಬೇಕು. ಹೊಸಬರು ಇದನ್ನೇ ನೋಡಿ ಆಡ್-ಆನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಕಾಂಕಾರ್ಡಿನ ಕಥೆ ಬೇರೆ. ಅದನ್ನು ಸಂಜೆ ಬರೆಯುತ್ತೇನೆ. ಈಗ ಕೆಲಗೇರಿ ಕೆರೆ ಕಡೆ ವಾಕಿಂಗ್ ಸಮಯ.

ಹುಬ್ಬಳ್ಳಿ ಹವಾಮಾನ

ಮೇಷ್ಟ್ರು ಬರುವುದರೊಳಗೆ ನನ್ನದೊಂದು ಮಾತು. ಅಣ್ಣಾ, ನೀವು ಡಿಸಿಎಸ್ ಅನ್ನುವ ಯುದ್ಧವಿಮಾನದ ಸಿಮ್ ಯಾಕೆ ನೋಡಬಾರದು? ಮೂಲ ಸಿಮ್ ಪುಕ್ಕಟೆ. ಅದರಲ್ಲಿ ಮಿಗ್-21 ಬಿಸ್ ಮಾಡ್ಯೂಲ್ (ಅಲ್ಲಿ ಆಡ್-ಆನಿಗೆ ಹಾಗನ್ನುತ್ತಾರೆ) ಇದೆ. ನಮ್ಮ ವಾಯುಪಡೆಯ ಮೊದಲ ಸೂಪರ್‌ಸಾನಿಕ್ ಯುದ್ಧವಿಮಾನ. 1963ರಲ್ಲಿ ಬಂದದ್ದು, 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಬೀಳ್ಕೊಟ್ಟರು. ಮೂಗಿನ ಕೋನ್ ವೇಗಕ್ಕೆ ತಕ್ಕಂತೆ ಮುಂದೆ ಹೋಗುತ್ತದೆ, ಅದನ್ನು ಕೈಯಿಂದಲೂ ನಡೆಸಬಹುದು. ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಭಾಗದಲ್ಲಿ ಇನ್ನಷ್ಟು ಇಂಧನ ಸುಟ್ಟು ಬಲ ಹೆಚ್ಚಿಸುವುದು) ಹಾಕಿ ಮೇಲೆ ಹತ್ತಿದರೆ ಇಂಧನದ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ನಾನು ಮೊದಲ ಸಲ ಮ್ಯಾಕ್ 2 ಮುಟ್ಟಿದ ಖುಷಿಯಲ್ಲಿ ಸ್ಕ್ರೀನ್‌ಶಾಟ್ ತೆಗೆಯುತ್ತಾ ಕೂತೆ. ವಾಪಸ್ ಬರಲು ಎಣ್ಣೆಯೇ ಇರಲಿಲ್ಲ. ಎರಡೂ ಬದಿ ಬೆಟ್ಟ, ನಡುವೆ ನಾನು.

ಬಹಳಷ್ಟು ಮಾಡ್ಯೂಲ್‌ಗಳನ್ನು 14 ದಿನ ಪುಕ್ಕಟೆ ಹಾರಿಸಿ ನೋಡುವ ಅವಕಾಶ ಇದೆ. ಉಚಿತ ಮ್ಯಾಪುಗಳು ಕಾಕಸಸ್ ಮತ್ತು ಮರಿಯಾನಾ ದ್ವೀಪಗಳದು, ಹಾಗಾಗಿ ಗದಗಿನ ಮೇಲೆ ಹಾರುವ ಆಸೆ ಬಿಡಬೇಕು.

ಮೈಕ್ರೋಸಾಫ್ಟ್ ಸಿಮ್‌ಗೆ 2022ರಲ್ಲಿ ಡಾರ್ಕ್‌ಸ್ಟಾರ್ ಅಂತ ಒಂದು ಪುಕ್ಕಟೆ ಬಿಟ್ಟಿದ್ದರು. ಮ್ಯಾಕ್ 10, ಒಂದೂವರೆ ಲಕ್ಷ ಅಡಿ. ಅದು ಸಿನಿಮಾಕ್ಕೆ ಹುಟ್ಟಿದ ವಿಮಾನ, ನಿಜವಾಗಿ ಹಾರಿದ್ದಲ್ಲ. ಮಜಾ ಇದೆ, ಆದರೆ ನೀವು ಕೇಳಿದ್ದು ಅದಲ್ಲ.

ಆಡ್-ಆನ್ ಮಾಡುವ ಇಂಡಿಯಾಫಾಕ್ಸ್‌ಟ್‌ಎಕೋ ಅನ್ನುವ ಕಂಪನಿ ಹೆಸರು ನೋಡಿ ‘ಅರೆ, ನಮ್ಮವರು’ ಅಂತ ಹಿಗ್ಗಬೇಡಿ. ನಾನು ಹಿಗ್ಗಿದ್ದೆ. ಅವರು ಇಟಲಿಯವರು. ರೇಡಿಯೋದಲ್ಲಿ ಅಕ್ಷರ ಹೇಳುವ ರೀತಿಯಲ್ಲಿ ಹೆಸರಿಟ್ಟುಕೊಂಡಿದ್ದಾರೆ ಅಷ್ಟೇ.

ಡಿಪ್ಲೊಮಾ ಮೇಷ್ಟ್ರು (ಧಾರವಾಡ)

ಬಂದೆ. ಹುಬ್ಬಳ್ಳಿ ತಮ್ಮ ಹೇಳಿದ್ದು ಸರಿ, ಮಿಗ್-21 ಒಳ್ಳೆಯ ಗುರು. ಆದರೆ ಅದು ಮೇಲೆ ಹೋಗಿ ಕೆಲವು ನಿಮಿಷ ಇದ್ದು ಇಳಿಯುವ ವಿಮಾನ. ಮೇಲೆಯೇ ಸಂಸಾರ ಹೂಡಿದ್ದು ಕಾಂಕಾರ್ಡ್. ಊಟ ಬಡಿಸುತ್ತಾ ಮ್ಯಾಕ್ 2.

ಕಬ್ಬಿನ ಟ್ರಾಲಿ ನೋಡಿದ್ದೀರಲ್ಲ. ಹಿಂದೆ ಜಾಸ್ತಿ ಹೇರಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಎದ್ದು ನಿಲ್ಲುತ್ತದೆ. ಕಾಂಕಾರ್ಡಿನವರು ಇದನ್ನೇ ಬೇಕಂತಲೇ ಮಾಡುತ್ತಿದ್ದರು. ಶಬ್ದದ ವೇಗ ದಾಟುವಾಗ ರೆಕ್ಕೆ ಎತ್ತುವ ಬಲದ ಕೇಂದ್ರ ಸುಮಾರು 2 ಮೀಟರ್ ಹಿಂದಕ್ಕೆ ಜಾರುತ್ತದೆ. ಮೂಗು ಕೆಳಗೆ ಬಗ್ಗಲು ನೋಡುತ್ತದೆ. ಅದನ್ನು ಎಲೆವಾನ್ (ರೆಕ್ಕೆಯ ಹಿಂಬದಿಯ ಅಲ್ಲಾಡುವ ಪಟ್ಟಿ) ಎತ್ತಿ ಸರಿ ಮಾಡಿದರೆ ಗಾಳಿಯ ತಡೆ ಹೆಚ್ಚಿ ಇಂಧನ ಹಾಳು. ಅದಕ್ಕೆ ಮುಂದಿನ ಟ್ಯಾಂಕಿನ ಇಂಧನವನ್ನೇ ಪಂಪ್ ಮಾಡಿ ಬಾಲದ 11ನೇ ಟ್ಯಾಂಕಿಗೆ ಕಳಿಸುತ್ತಿದ್ದರು. ಹತ್ತಿಪ್ಪತ್ತು ಲೀಟರ್ ಅಲ್ಲ, ಸುಮಾರು 20 ಟನ್. ರೆಕ್ಕೆಯನ್ನು ಮುಂದಿನಿಂದ ಹಿಂದಕ್ಕೆ ಅಳೆದ ಲೆಕ್ಕದಲ್ಲಿ, ಟೇಕಾಫಿನಲ್ಲಿ 54 ಶೇಕಡದ ಹತ್ತಿರ ಇದ್ದ ಗುರುತ್ವ ಕೇಂದ್ರ ಮೇಲೆ 59ಕ್ಕೆ ಬರಬೇಕು. ಇಳಿಯುವಾಗ ವೇಗ ಕಡಿಮೆ ಆದಂತೆ ಅಷ್ಟನ್ನೂ ಮತ್ತೆ ಮುಂದಕ್ಕೆ ತರಬೇಕು. ಈ ಕೆಲಸ ನೋಡಿಕೊಳ್ಳುತ್ತಿದ್ದವನು ಕಾಕ್‌ಪಿಟ್ಟಿನ ಮೂರನೆಯವ, ಫ್ಲೈಟ್ ಎಂಜಿನಿಯರ್.

ಹಾಗಾಗಿ ಕಾಂಕಾರ್ಡ್ ಆಡ್-ಆನಿಗೆ ನನ್ನ ಒಂದೇ ಪ್ರಶ್ನೆ. ಇಂಧನ ಹಿಂದಕ್ಕೆ ಕಳಿಸದೆ ಮ್ಯಾಕ್ 2ಕ್ಕೆ ಹೋಗಲು ಬಿಡುತ್ತದಾ? ತಕರಾರಿಲ್ಲದೆ ಬಿಟ್ಟರೆ ಅದು ಉದ್ದ ಮೂಗಿನ ಬೋಯಿಂಗ್.

ಸಣ್ಣ ಸಣ್ಣ ಗುರುತುಗಳೂ ಇವೆ. ಟೇಕಾಫ್ ಆದ ಮೇಲೆ ರೀಹೀಟ್ (ಆಫ್ಟರ್‌ಬರ್ನರಿಗೆ ಬ್ರಿಟಿಷರ ಹೆಸರು) ಆರಿಸಿ, ಮ್ಯಾಕ್ 0.95ರಲ್ಲಿ ಮತ್ತೆ ಹಚ್ಚಿ, ಮ್ಯಾಕ್ 1.7ಕ್ಕೆ ಪೂರ್ತಿ ಆರಿಸುತ್ತಿದ್ದರು. ಅಲ್ಲಿಂದ ಮುಂದೆ ಮ್ಯಾಕ್ 2ರವರೆಗೆ ಬರೀ ಎಂಜಿನ್ ಮತ್ತು ಗಾಳಿಬಾಯಿಯ ಬಲ. ರೀಹೀಟ್ ಇಲ್ಲದೆ ಅಷ್ಟು ವೇಗ ಹಿಡಿದಿಟ್ಟುಕೊಳ್ಳದಿದ್ದರೆ ಆ ಆಡ್-ಆನ್ ತಪ್ಪು. ಶಬ್ದದ ವೇಗ ದಾಟಿದಾಗ ಕಾಕ್‌ಪಿಟ್ ಒಳಗೆ ‘ಢಂ’ ಅಂದರೂ ತಪ್ಪು. ಆ ಸದ್ದು ನೆಲದವರಿಗೆ, ಒಳಗಿದ್ದವರಿಗೆ ಅಲ್ಲ. 2020ರ ಮೇ 20ರಂದು ಬೆಂಗಳೂರಿನವರು ಬೆಚ್ಚಿಬಿದ್ದರಲ್ಲ, ಆಮೇಲೆ ವಾಯುಪಡೆಯ ಪರೀಕ್ಷಾ ಹಾರಾಟ ಅಂತ ತಿಳಿಯಿತು. ಆ ಪೈಲಟ್ಟಿಗೆ ಏನೂ ಕೇಳಿಸಿರಲಿಕ್ಕಿಲ್ಲ.

ನಮ್ಮ ಕಡೆ ಹಾರಿಸುವವರಿಗೆ ಒಂದು ಸ್ವಾರಸ್ಯ ಹೇಳಲೇಬೇಕು. ಕೆಳಗೆ ಗದಗಿನಲ್ಲಿ ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತಿರುತ್ತದೆ. ನೆತ್ತಿಯ ಮೇಲೆ 54,000 ಅಡಿಯಲ್ಲಿ ಮಾತ್ರ ಲಂಡನ್ನಿನ ನೆತ್ತಿಗಿಂತ ಜಾಸ್ತಿ ಚಳಿ. ಯುರೋಪಿನ ಕಡೆ ಮೈನಸ್ 56 ಹತ್ತಿರ ಇದ್ದರೆ ನಮ್ಮಲ್ಲಿ ಮೈನಸ್ 75, ಇನ್ನೂ ಕೆಳಗೆ. ಸಮಭಾಜಕದ ಹತ್ತಿರ ಬಿಸಿ ಗಾಳಿ ಹೆಚ್ಚು ಎತ್ತರಕ್ಕೆ ಏರುತ್ತದೆ, ಏರಿದಷ್ಟೂ ತಣ್ಣಗಾಗುತ್ತಾ ಹೋಗುತ್ತದೆ. ಮ್ಯಾಕ್ 2ರಲ್ಲಿ ಮೂಗಿಗೆ ಬಡಿಯುವ ಗಾಳಿಯ ಬಿಸಿ ಯುರೋಪಿನ ಲೆಕ್ಕದಲ್ಲಿ 117 ಡಿಗ್ರಿ, ನಮ್ಮ ಲೆಕ್ಕದಲ್ಲಿ 84. ಕಾಂಕಾರ್ಡಿನ ಮೂಗಿನ ಮಿತಿ 127. ಅಂದರೆ ಇಲ್ಲಿ ಬಿಸಿಯ ಭಯ ಕಡಿಮೆ, 60,000 ಅಡಿಗೆ ಏರುವುದೂ ಸುಲಭ. ಲೈವ್ ಹವಾಮಾನ ಹಾಕಿ ಒಮ್ಮೆ ಲಂಡನ್ ಪಕ್ಕದ ಸಮುದ್ರದ ಮೇಲೆ, ಒಮ್ಮೆ ಮಂಗಳೂರಿನ ಪಕ್ಕದ ಸಮುದ್ರದ ಮೇಲೆ ಹಾರಿಸಿ. ಥರ್ಮಾಮೀಟರ್ ಎರಡೂ ಕಡೆ ಒಂದೇ ಅಂಕಿ ತೋರಿಸಿದರೆ ಸಿಮ್ ನಿಮ್ಮನ್ನು ಏಮಾರಿಸುತ್ತಿದೆ.

ಯಾವುದು ಕೊಳ್ಳಬೇಕು ಅಂತ ಕೇಳಿದ್ದಿರಿ. ಆಳದ ಮಾತಿಗೆ ಬಂದರೆ ಎಫ್‌ಎಸ್‌ಲ್ಯಾಬ್ಸಿನ ಕಾಂಕಾರ್ಡ್-ಎಕ್ಸ್ ಬಹಳ ವರ್ಷದಿಂದ ಎಲ್ಲರೂ ಹೆಸರು ಹೇಳುವ ಮಾಲು. ಆದರೆ ಅದು ಎಫ್‌ಎಸ್‌ಎಕ್ಸ್ ಮತ್ತು ಪ್ರಿಪೇರ್‌ಡ್ ಸಿಮ್‌ಗಳಿಗೆ ಮಾಡಿದ್ದು, ನಿಮ್ಮ ಹತ್ತಿರ ಅವಿಲ್ಲ. ಮೈಕ್ರೋಸಾಫ್ಟ್ ಸಿಮ್‌ಗೆ ಡಿಸಿ ಡಿಸೈನ್ಸ್ 2022ರಲ್ಲಿ ಮಾಡಿದ್ದಿದೆ. ನೋಡಲು ಸೊಗಸು, ಕಲಿಯಲು ಸುಲಭ, ನನ್ನಂಥ ಕಿರಿಕಿರಿ ಮನುಷ್ಯನಿಗೆ ಸ್ವಲ್ಪ ತೆಳು. ನಿಮ್ಮಲ್ಲಿ ಎಕ್ಸ್-ಪ್ಲೇನ್ 12 ಇರುವುದರಿಂದ ಕೊಲಿಮಾಟಾ ಅವರ ಕಾಂಕಾರ್ಡ್ ಎಫ್‌ಎಕ್ಸ್‌ಪಿ ನೋಡಿ. ಎಕ್ಸ್-ಪ್ಲೇನ್ ರೆಕ್ಕೆಯನ್ನು ತುಂಡು ತುಂಡು ಮಾಡಿ ಒಂದೊಂದರ ಬಲ ಲೆಕ್ಕ ಹಾಕುತ್ತದೆ, ಅದೊಂದು ಅನುಕೂಲ. ಗಾಳಿಬಾಯಿ, ಇಂಧನ ಇವೆಲ್ಲ ಮಾತ್ರ ಆಡ್-ಆನ್ ಮಾಡಿದವರ ಶ್ರಮದ ಮೇಲೆ ನಿಂತಿವೆ. ಸಿಮ್ ಒಳ್ಳೆಯದು ಅಂದ ಮಾತ್ರಕ್ಕೆ ಅದರೊಳಗಿನ ವಿಮಾನ ಒಳ್ಳೆಯದಾಗುವುದಿಲ್ಲ.

ಬ್ಯಾಡಗಿ ಲೆಕ್ಕ

ಮೇಷ್ಟ್ರೇ, ಅಣ್ಣಾರೇ, ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುವವಳು. ಸೀಸನ್ ಮುಗಿದ ಮೇಲೆ ನನಗೂ ಇದೇ ಹುಚ್ಚು. ನನ್ನ ಲ್ಯಾಪ್‌ಟಾಪ್ ಒಂಬತ್ತು ವರ್ಷದ್ದು, ಕೀಬೋರ್ಡಿನಲ್ಲಿ ಮೆಣಸಿನ ಪುಡಿ ಸೇರಿ ಎರಡು ಕೀ ಒತ್ತುವುದೇ ಇಲ್ಲ. ಅದರಲ್ಲಿ ಓಡುವುದು ಫ್ಲೈಟ್‌ಗೇರ್ ಅನ್ನುವ ಸಿಮ್ ಒಂದೇ. ಪೂರ್ತಿ ಪುಕ್ಕಟೆ, ಅದಕ್ಕೂ ಕಾಂಕಾರ್ಡ್ ಇದೆ. ಚಿತ್ರ ಹಳೇ ಕಾಲದ್ದು. ಆದರೆ ಮೇಷ್ಟ್ರು ಹೇಳಿದ ಇಂಧನದ ಆಟ ದುಡ್ಡು ಕೊಡದೆ ಅಲ್ಲೇ ಕಲಿಯಬಹುದು. ಅಣ್ಣ ಮೊದಲು ಅದರಲ್ಲಿ ಒಂದು ವಾರ ಕೈ ಸುಟ್ಟುಕೊಳ್ಳಲಿ. ಆಮೇಲೂ ಆಸೆ ಉಳಿದರೆ ದುಡ್ಡು ಕೊಡಲಿ.

ಇನ್ನೊಂದು. ನಮ್ಮಪ್ಪ ಏರ್‌ಫೋರ್ಸ್‌ನಲ್ಲಿ ಏರ್‌ಮನ್ ಆಗಿದ್ದರು, ಬರೇಲಿಯಲ್ಲಿ ಕೆಲವು ವರ್ಷ. ಅಲ್ಲಿ ಮಿಗ್-25 ಇದ್ದವು, 1981ರಿಂದ 2006ರವರೆಗೆ. ‘ಗರುಡ’ ಅಂತ ಹೆಸರು. ಬಂದೂಕಿಲ್ಲ, ಬಾಂಬಿಲ್ಲ, ಬರೀ ಕ್ಯಾಮೆರಾ. ಅದರ ಮೈ ಹೆಚ್ಚಾಗಿ ಉಕ್ಕಿನದು, ಬಿಸಿ ತಡೆಯಲಿ ಅಂತ. ಎಸ್‌ಆರ್-71ಕ್ಕೆ ಅಮೆರಿಕದವರು ಟೈಟಾನಿಯಂ ಹಾಕಿದರು, ರಷ್ಯಾದವರು ಉಕ್ಕನ್ನೇ ಬೆಸೆದು ಕೆಲಸ ಮುಗಿಸಿದರು. ಮ್ಯಾಕ್ 2.83 ಅದರ ಗೆರೆ. ಅಪ್ಪನಿಗೆ ನಾನು ಸ್ಕ್ರೀನ್ ಮೇಲೆ ಸೂಪರ್‌ಸಾನಿಕ್ ತೋರಿಸಿದಾಗ ಅವರು ಕೇಳಿದ್ದು ಒಂದೇ: ‘ಇಳಿದ ಮೇಲೆ ಇದನ್ನು ಯಾರು ಒರೆಸುತ್ತಾರೆ?’

ಅದಕ್ಕೆ ನನ್ನ ಪರೀಕ್ಷೆ ಇಳಿದ ಮೇಲೆ ಶುರುವಾಗುತ್ತದೆ. ಓಟ ನಿಧಾನ ಮಾಡಲು ಹಿಂದಿನಿಂದ ಬಿಚ್ಚುವ ಡ್ರೋಗ್ ಪ್ಯಾರಾಚೂಟ್ ಬಿಟ್ಟರೆ ನಿಜವಾಗಿ ಎಳೆಯುತ್ತದಾ? ಬ್ರೇಕ್ ಜಾಸ್ತಿ ಒತ್ತಿದರೆ ಬಿಸಿಯಾಗುತ್ತದಾ? ಎಸ್‌ಆರ್-71ರಲ್ಲಿ ಎಂಜಿನ್ ಹಚ್ಚಲು ಟಿಇಬಿ ಅನ್ನುವ ದ್ರವ ಬೇಕು, ಹಸಿರು ಜ್ವಾಲೆ ಬರುತ್ತದೆ. ಒಂದೊಂದು ಎಂಜಿನ್ನಿಗೆ 16 ಸಲಕ್ಕೆ ಸಾಕಾಗುವಷ್ಟೇ ಇರುತ್ತದೆ, ಕಾಕ್‌ಪಿಟ್ಟಲ್ಲಿ ಅದರ ಎಣಿಕೆ ಇಳಿಯುತ್ತಾ ಬರುತ್ತದೆ. ಆ ಎಣಿಕೆ ಇಳಿಯದ ಆಡ್-ಆನ್ ಮಾಡಿದವರು ಬೇರೆ ಕಡೆಯೂ ಕೈ ಬಿಟ್ಟಿರುತ್ತಾರೆ. ಲೆಕ್ಕದವಳಿಗೆ ಇಂಥದ್ದೇ ಮೊದಲು ಕಣ್ಣಿಗೆ ಬೀಳುವುದು.

ಹುಬ್ಬಳ್ಳಿ ಹವಾಮಾನ

ಅಕ್ಕಾ, ಅಪ್ಪಾಜಿಗೆ ನಮಸ್ಕಾರ ತಿಳಿಸಿ. ಒರೆಸುವ ಪ್ರಶ್ನೆ ಸೂಪರ್.

ಪ್ರೆಸ್ ಅಣ್ಣಾ, ಕಾಂಕಾರ್ಡ್ ತಗೊಂಡರೆ ನಮ್ಮ ಗೋಕುಲ ರಸ್ತೆ ಏರ್‌ಪೋರ್ಟಿನಿಂದ ಪೂರ್ತಿ ಭಾರದಲ್ಲಿ ಎಬ್ಬಿಸಲು ಹೋಗಬೇಡಿ. ಅದಕ್ಕೆ ಸುಮಾರು 3,600 ಮೀಟರ್ ರನ್‌ವೇ ಬೇಕು, ನಮ್ಮದು ಅಷ್ಟಿಲ್ಲ. ಬೇಲಿ, ಹೊಲ, ಮುಂದೆ ನಿಮ್ಮೂರು. ಬೆಂಗಳೂರಲ್ಲಿ 4,000 ಮೀಟರ್ ಇದೆ.

ಬೆಟಗೇರಿ ಪೈಲಟ್ (ಗದಗ)

ಹನ್ನೆರಡು ದಿನ ಆಯ್ತು, ಲಗ್ನದ ಸೀಸನ್. ಕ್ಷಮಿಸಿ.

ಅಕ್ಕ ಹೇಳಿದಂತೆ ಮೊದಲು ಫ್ಲೈಟ್‌ಗೇರ್ ಹಾಕಿದೆ. ಮೂರು ರಾತ್ರಿ ಕೈ ಸುಟ್ಟುಕೊಂಡೆ. ಆಸೆ ಹೋಗಲಿಲ್ಲ, ಹೆಚ್ಚಾಯ್ತು. ಎಕ್ಸ್-ಪ್ಲೇನಿಗೆ ಕೊಲಿಮಾಟಾ ಕಾಂಕಾರ್ಡ್ ತಗೊಂಡೆ. ಹಳೇ ಎಸ್‌ಆರ್-71ಕ್ಕೆ ಮೇಷ್ಟ್ರ ಪರೀಕ್ಷೆ ಮಾಡಿದೆ. ಸ್ಪೈಕ್ ಕೈಯಿಂದ ಮುಂದೆ ತಂದು ನಿಲ್ಲಿಸಿದರೂ ಎಂಜಿನ್ ಹಾಡುತ್ತಲೇ ಇತ್ತು. ಲೋಲಕವೇ ಸರಿ. ಡಿಲೀಟ್ ಮಾಡಿದೆ.

ನಿನ್ನೆ ರಾತ್ರಿ ಮುಂಬೈಯಿಂದ ಬಹ್ರೇನಿಗೆ ಹೊರಟೆ. 1976ರ ಜನವರಿ 21ರಂದು ಬ್ರಿಟಿಷರು ಕಾಂಕಾರ್ಡಿನ ಮೊದಲ ಸೇವೆ ಶುರು ಮಾಡಿದ್ದು ಲಂಡನ್ನಿನಿಂದ ಬಹ್ರೇನಿಗೇ ಅಲ್ವಾ, ಅದೇ ನೆಪ. ಕರಾವಳಿ ದಾಟಿ ರೀಹೀಟ್ ಹಚ್ಚಿದೆ. ಎಂಜಿನಿಯರ್ ಪ್ಯಾನೆಲ್ ನೋಡಲು ಕುರ್ಚಿ ತಿರುಗಿಸುವಂತೆ ಮೌಸ್ ತಿರುಗಿಸಿ ತಿರುಗಿಸಿ ಮಣಿಕಟ್ಟು ನೋಯಿತು. ಇಂಧನ ಹಿಂದಕ್ಕೆ ಹೋಗುತ್ತಿದ್ದಂತೆ ಗುರುತ್ವ ಕೇಂದ್ರದ ಮುಳ್ಳು ಕೂದಲೆಳೆಯಷ್ಟೇ ಸರಿಯುತ್ತದೆ. ಪ್ಲೇಟ್ ಕೂಡಿಸುವಾಗ ಸ್ಕ್ರೂ ಕಾಲು ಸುತ್ತು ತಿರುಗಿಸಿ ಮತ್ತೆ ಶೀಟ್ ನೋಡುವಂಥದ್ದೇ ಕೆಲಸ. 54,000 ಅಡಿಯಲ್ಲಿ ಮ್ಯಾಕ್ 2 ಬಂತು. ಹೊರಗೆ ಮೈನಸ್ 70 ದಾಟಿತ್ತು. ಮೇಷ್ಟ್ರೇ, ನಿಮ್ಮ ಚಳಿ ಸಿಕ್ಕಿತು.

ಆಮೇಲೆ ಕೆಟ್ಟಿತು. ಇಳಿಯುವ ಗಡಿಬಿಡಿಯಲ್ಲಿ ಇಂಧನ ಮುಂದಕ್ಕೆ ತರುವುದನ್ನೇ ಮರೆತೆ. ವೇಗ ಇಳಿದಂತೆ ಮೂಗು ಮೇಲೆ, ಮೇಲೆ. ಅದೇ ಕಬ್ಬಿನ ಟ್ರಾಲಿ. ಸ್ಟಿಕ್ ಪೂರ್ತಿ ಮುಂದೆ ಒತ್ತಿ ಹಿಡಿದು, ಎಡಗೈಯಲ್ಲಿ ಪಂಪ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಓಣಿಯ ಕರೆಂಟ್ ಹೋಯಿತು. ಯುಪಿಎಸ್ ಪೀಂ ಪೀಂ ಅನ್ನತೊಡಗಿತು. ಯಾವುದು ವಿಮಾನದ ಅಲಾರಂ, ಯಾವುದು ಯುಪಿಎಸ್ಸಿನದು ಅಂತ ಗೊತ್ತಾಗದೆ ಎರಡಕ್ಕೂ ಕ್ಷಮೆ ಕೇಳಿದೆ. ಏಳು ನಿಮಿಷಕ್ಕೆ ಎಲ್ಲ ಕತ್ತಲೆ. ಬಹ್ರೇನ್ ಕಾಣಲೇ ಇಲ್ಲ.

ಮೇಷ್ಟ್ರಿಗೆ ಒಂದು ಪ್ರಶ್ನೆ. ಇಂಧನ ಮುಂದಕ್ಕೆ ತರಲು ಇಳಿಯುವ ಎಷ್ಟು ಮೊದಲು ಶುರು ಮಾಡಬೇಕು? ಇವತ್ತು ಒಂದು ಗೃಹಪ್ರವೇಶದ ಕಾರ್ಡ್ ಪ್ರೂಫ್ ಕೊಟ್ಟು, ಹತ್ತು ಗಂಟೆಗೆ ಮತ್ತೆ ಕೂರುವವನಿದ್ದೇನೆ.

ಡಿಪ್ಲೊಮಾ ಮೇಷ್ಟ್ರು (ಧಾರವಾಡ)

ಥ್ರಾಟಲ್ ಹಿಂದೆ ಎಳೆದ ಕೂಡಲೇ ಶುರು ಮಾಡಿ, ಆಮೇಲೆ ಅಲ್ಲ. ಮ್ಯಾಕ್ ಮೀಟರ್ ಪಕ್ಕದಲ್ಲೇ ಗುರುತ್ವ ಕೇಂದ್ರದ ಗಡಿ ತೋರಿಸುವ ಎರಡು ಗುರುತು ಇರುತ್ತವೆ, ವೇಗ ಇಳಿದಂತೆ ಅವೂ ಸರಿಯುತ್ತವೆ. ಮುಳ್ಳು ಅವೆರಡರ ನಡುವೆ ಇರುವಂತೆ ನೋಡಿಕೊಳ್ಳಿ. ಮತ್ತೆ ಹತ್ತು ಗಂಟೆಗೆ ಕೂರುವ ಮೊದಲು ಯುಪಿಎಸ್ಸಿನ ಬ್ಯಾಟರಿ ಬದಲಿಸಿ.